ಬೀಳದ ಡೇರೆಗಳ ಮಾಸ್ತರು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಒಬ್ಬ ದರ್ಜಿಯ ಅಂಗಡಿ. ಎಂಟಡಿ ಅಗಲ, ಹನ್ನೆರಡಡಿ ಉದ್ದ. ಅದರೊಳಗೆ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಮೇಜು, ಗೋಡೆಯ ತುಂಬ ಸ್ಕೌಟ್ ದಳದ ಇಪ್ಪತ್ತೆರಡು ಫೋಟೋ. ಎಲ್ಲ ಫೋಟೋಗಳಲ್ಲೂ ಹಿಂದೆ ಸಾಲಾಗಿ ಡೇರೆಗಳು, ಮುಂದೆ ಸಾಲಾಗಿ ಮಕ್ಕಳು, ನಡುವೆ ಎದೆ ಸೆಟೆಸಿ ನಿಂತ ದರ್ಜಿ. ಪ್ಯಾಂಟಿನ ಅಳತೆ ಕೊಡಲು ಬಂದವರು ಆ ಫೋಟೋಗಳ ಕಥೆ ಕೇಳದೆ ಹೊರಗೆ ಹೋಗುವಂತಿರಲಿಲ್ಲ. "ಇಪ್ಪತ್ತೆರಡು ಶಿಬಿರ. ಒಂದೇ ಒಂದು ಡೇರೆ ಬಿದ್ದಿಲ್ಲ," ಎಂದು ಗಿರಾಕಿಯ ಸೊಂಟದ ಸುತ್ತ ಟೇಪು ಹಿಡಿದುಕೊಂಡೇ ಹೇಳುತ್ತಿದ್ದರು. ಸೊಂಟ ಇನ್ನೊಬ್ಬರ ಕೈಯಲ್ಲಿರುವಾಗ ಯಾರು ತಾನೇ ಎದುರು ಮಾತಾಡುತ್ತಾರೆ? ಗಿರಾಕಿ ತಲೆಯಾಡಿಸುತ್ತಿದ್ದ, ದರ್ಜಿ ಹಿಗ್ಗುತ್ತಿದ್ದರು.

ಬೀದಿಯವರಿಗೆಲ್ಲ ಅವರು ಮಾಸ್ತರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮಗ ಒಂಬತ್ತು ವರ್ಷದವನಿದ್ದಾಗ ಶಾಲೆಗೆ ಸ್ಕೌಟ್ ಸಮವಸ್ತ್ರದ ಮೂಟೆ ತಲುಪಿಸಲು ಹೋಗಿದ್ದರು. ಅದೇ ವಾರ ದಳ ನಡೆಸುತ್ತಿದ್ದ ಮೇಷ್ಟ್ರಿಗೆ ವರ್ಗವಾಗಿತ್ತು, ಅವರ ಜಾಗಕ್ಕೆ ಬರಲು ಒಬ್ಬರೂ ಮುಂದೆ ಬಂದಿರಲಿಲ್ಲ. "ಬಟ್ಟೆ ಹೊಲಿದವರೇ ಮಕ್ಕಳನ್ನೂ ನೋಡ್ಕೊಳ್ಳಿ," ಎಂದು ಯಾರೋ ತಮಾಷೆಗೆ ಅಂದರು. ದರ್ಜಿ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಮೂಟೆ ಕೊಟ್ಟು ಬರಲು ಹೋದವರು ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಮನೆಗೆ ಬಂದರು. ಆಮೇಲೆ ಆ ಸ್ಕಾರ್ಫ್ ಅವರ ಕೊರಳಿಂದ ಇಳಿಯಲೇ ಇಲ್ಲ. ಮಗ ಬೆಳೆದು, ದಳ ಬಿಟ್ಟು, ಮದುವೆಯಾಗಿ, ಸಾಮಾನು ಸಾಗಿಸುವ ವ್ಯಾನು ಓಡಿಸತೊಡಗಿದ. ಅಪ್ಪ ಮಾತ್ರ ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಸೀಟಿ ಜೇಬಿಗೆ ಹಾಕಿಕೊಂಡು ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಲಿಲ್ಲ.

ಹಾಗಿದ್ದ ಮಾಸ್ತರ ಹೊಟ್ಟೆಗೆ ಬೆಂಕಿ ಬಿದ್ದದ್ದು ಎದುರುಗಡೆಯ ಔಷಧಿ ಅಂಗಡಿಯಿಂದ.

ಆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು ಮೂವತ್ತೈದರ ಹೆಂಗಸು. ಡಾಕ್ಟರುಗಳ ಕೋಳಿಕಾಲಿನ ಬರಹವನ್ನು ಓದುವುದರಲ್ಲಿ ಪಳಗಿದ ಕೈ. ಚಿಕ್ಕಂದಿನಲ್ಲಿ ತಾನೂ ಗೈಡ್ ಆಗಿದ್ದೆನೆಂದು ಹೇಳಿಕೊಂಡು ಒಂದು ಶನಿವಾರ ಮೈದಾನಕ್ಕೆ ಬಂದಳು. ಎರಡನೇ ಶನಿವಾರ ಹುಡುಗನೊಬ್ಬನ ಮೊಣಕಾಲಿಗೆ ಪಟ್ಟಿ ಕಟ್ಟಿದಳು. ಮೂರನೇ ಶನಿವಾರದ ಹೊತ್ತಿಗೆ ಮಕ್ಕಳೆಲ್ಲ ಅವಳನ್ನು ಅಕ್ಕ ಎನ್ನತೊಡಗಿದ್ದರು. ಮಾಸ್ತರಿಗೆ ಅದು ಚುಚ್ಚಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗುವೂ ತನ್ನನ್ನು ಮಾಮ ಎಂದಿಲ್ಲ, ದೊಡ್ಡಪ್ಪ ಎಂದಿಲ್ಲ. ಮಾಸ್ತರೇ, ಮಾಸ್ತರೇ ಎಂದು ದೂರದಿಂದ ಸಲ್ಯೂಟ್ ಹೊಡೆದದ್ದೇ ಬಂತು. ಇವಳು ಮೂರು ವಾರಕ್ಕೆ ಅಕ್ಕ.

"ಅದಕ್ಕೇನೀಗ? ನಿಮ್ಮನ್ನ ಅಕ್ಕ ಅನ್ಬೇಕಿತ್ತಾ?" ಎಂದಳು ಹೆಂಡತಿ.

"ನಿನಗೆ ಇದೆಲ್ಲ ಅರ್ಥ ಆಗಲ್ಲ."

"ಯಾಕೆ ಆಗಲ್ಲ. ನಿಮ್ಮ ಹೊಟ್ಟೆ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ರೆ ಇದ್ದಿಲಿಲ್ಲದೆ ಕಾಯುತ್ತೆ."

ಔಷಧಿ ಅಂಗಡಿಯವಳ ಸಮವಸ್ತ್ರ ಹೊಲಿಯುವ ಕೆಲಸವೂ ಅವರ ಮೇಜಿಗೇ ಬಂದಿತ್ತು. ತೋಳು ಅರ್ಧ ಇಂಚು ಬಿಗಿ ಹಿಡಿದರೆ ಹೇಗೆ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಸಲ್ಯೂಟ್ ಹೊಡೆಯಲು ಕೈ ಎತ್ತುವಾಗ ಕಂಕುಳಲ್ಲಿ ಚರ್ರೆಂದು ಹರಿಯುವುದನ್ನೂ ಮನಸ್ಸಿನಲ್ಲೇ ನೋಡಿ ಖುಷಿಪಟ್ಟರು. ಆದರೆ ಕತ್ತರಿ ಹಿಡಿದಾಗ ಕೈ ಕೇಳಲಿಲ್ಲ. ಆ ಅಂಗಿ ಅವಳಿಗೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಮೈದಾನದಲ್ಲಿ ಎಲ್ಲರೂ ಹೊಗಳಿದರು. ಹೊಗಳಿದ್ದು ಅಂಗಿಯನ್ನಲ್ಲ, ಅವಳನ್ನು.

ಇದರ ಮೇಲೆ ದಳದ ಅಧ್ಯಕ್ಷರು ಒಂದು ದಿನ ಅಂಗಡಿಗೇ ಬಂದರು. ನಿವೃತ್ತ ಹೆಡ್ಮಾಸ್ಟರು, ಮಾತಾಡುವಾಗ ಎದುರಿನವರ ತಲೆಯ ಮೇಲಿನ ಗೋಡೆಯನ್ನು ನೋಡುವ ಅಭ್ಯಾಸದವರು. "ನಿಮಗೆ ಅರವತ್ತೊಂದಾಯ್ತು. ಮಂಡಿನೋವು ಬೇರೆ. ಈ ಸಲ ಶಿಬಿರದ ಮುಂದಾಳತ್ವ ಆ ಹೆಣ್ಣುಮಗಳು ವಹಿಸಲಿ, ನೀವು ಜೊತೆಗಿರಿ. ನಾನು ಎರಡನೇ ದಿನ ಬಂದು ನೋಡ್ತೀನಿ. ಅವರಿಗೆ ಆಗುತ್ತೆ ಅನ್ನಿಸಿದ್ರೆ ದಳ ಅವರಿಗೆ, ಆಗಲ್ಲ ಅನ್ನಿಸಿದ್ರೆ ನಿಮಗೇ," ಎಂದರು. ಆಮೇಲೆ ಗೋಡೆಯ ಫೋಟೋಗಳಿಗೇ ಹೇಳುವವರಂತೆ, "ಶಿಬಿರಕ್ಕೆ ಹೋಗೋ ದೊಡ್ಡವರು ಏನೇನು ತಿಳ್ಕೊಂಡಿರಬೇಕು, ನಿಮ್ಮ ಅನುಭವದ್ದನ್ನೆಲ್ಲ ಅವರಿಗೊಂದು ಪುಸ್ತಕದಲ್ಲಿ ಬರೆದುಕೊಡಿ," ಎಂದು ಎದ್ದರು.

ತನ್ನ ಗೋರಿಗೆ ತಾನೇ ಅಳತೆ ತೆಗೆದುಕೊಡು ಎಂದಂತಾಯಿತು ಮಾಸ್ತರಿಗೆ. ಆದರೂ ಬರೆದರು. ಬರೆಯಲು ಕೂತ ಮೇಲೆ ಅವರಿಗೆ ಅವಳೂ ಮರೆತುಹೋದಳು, ಉರಿಯೂ ಮರೆತುಹೋಯಿತು. ನಲವತ್ತೊಂದು ಸೂಚನೆಗಳಾದವು. 'ಮಕ್ಕಳನ್ನು ಕರೆದೊಯ್ಯುವ ಮೊದಲು ಜಾಗಕ್ಕೆ ನೀವೇ ಹೋಗಿ ಬನ್ನಿ. ಹೋದಾಗ ಹೂವು ಹಕ್ಕಿ ನೋಡಬೇಡಿ. ಮಳೆ ಬಂದರೆ ನೀರು ಎಲ್ಲಿ ಹರಿಯುತ್ತದೆ, ಒಣಗಿದ ಕೊಂಬೆ ಯಾವ ಮರದಲ್ಲಿದೆ, ಗಾಡಿ ಎಲ್ಲಿಯವರೆಗೆ ಬರುತ್ತದೆ ನೋಡಿ.' 'ನೀರಿಗೆ ಇಳಿಸುವ ಮೊದಲು ತಲೆ ಎಣಿಸಿ, ಹತ್ತಿದ ಮೇಲೆ ಎಣಿಸಿ, ನಡುವೆ ಸುಮ್ಮನೆ ನಿಂತಿದ್ದರೆ ಆಗಲೂ ಎಣಿಸಿ.' 'ಯಾವ ಮಗುವಿನ ಜೊತೆಗೂ ಒಬ್ಬರೇ ದೊಡ್ಡವರು ಮರೆಯಲ್ಲಿ ಇರಕೂಡದು.' 'ಚೀಟಿಯಲ್ಲಿ ಬರೆದ ಕಾಯಿಲೆ ಓದಿಕೊಳ್ಳಿ, ಬರೆಯದ ಕಾಯಿಲೆಯನ್ನು ತಾಯಿಯ ಬಾಯಿಂದ ಕೇಳಿಕೊಳ್ಳಿ.' 'ಮನೆ ನೆನೆದು ಅಳುವ ಮಗುವಿಗೆ ಸಮಾಧಾನ ಹೇಳಬೇಡಿ, ಕೆಲಸ ಕೊಡಿ. ಆಲೂಗಡ್ಡೆ ಸುಲಿಯಲು ಕೂರಿಸಿದರೆ ಅರ್ಧ ಗಂಟೆಯಲ್ಲಿ ಅಳು ನಿಲ್ಲುತ್ತದೆ.' 'ಎರಡು ಜೊತೆ ಕಾಲುಚೀಲ ಎಂದು ಬರೆದರೆ ಒಂದು ಜೊತೆ ತರುತ್ತಾರೆ. ನಾಲ್ಕು ಎಂದು ಬರೆಯಿರಿ.'

ಮೂವತ್ತಮೂರನೆಯ ಸೂಚನೆಗೆ ಚಿತ್ರವನ್ನೂ ಬರೆದರು. ಡೇರೆಯ ಹಗ್ಗವನ್ನು ಗೂಟಕ್ಕೆ ಕಟ್ಟುವ ಗಂಟಿನ ಚಿತ್ರ ಅದು. ಹಗ್ಗದ ತುದಿಯನ್ನು ಗೂಟ ಸುತ್ತಿಸಿ ತಂದು, ಹಗ್ಗದ ಮೇಲೆ ಒಳಗಡೆಗೆ ಎರಡು ಸುತ್ತು, ಹೊರಗಡೆಗೆ ಒಂದು ಸುತ್ತು. ಕೈಯಲ್ಲಿ ಸರಿಸಿದರೆ ಸರಿಯುತ್ತದೆ, ಗಾಳಿ ಎಳೆದರೆ ಕಚ್ಚಿಕೊಳ್ಳುತ್ತದೆ. ಒಳಗೆ ಒಂದೇ ಸುತ್ತು ಹಾಕಿದರೆ ಮುಗಿಯಿತು, ಜಾರುತ್ತದೆ. ಬಟ್ಟೆಯ ಮೇಲೆ ಗೆರೆ ಎಳೆದ ಕೈ. ಚಿತ್ರ ಅಚ್ಚುಕಟ್ಟಾಗಿ ಬಂತು.

ಮೂವತ್ತನಾಲ್ಕನೆಯದಕ್ಕೆ ಬಂದಾಗ ಮಾತ್ರ ಪೆನ್ನು ನಿಂತಿತು. ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದ ವಾಕ್ಯ ಅದು: 'ಮಕ್ಕಳು ಮಾಡಬಲ್ಲ ಕೆಲಸವನ್ನು ದೊಡ್ಡವರು ಮಾಡಕೂಡದು. ಕೈ ಕಟ್ಟಿ ಕೂತಿರಿ.' ಅದನ್ನು ಬರೆದರು. ಆದರೆ ತಾವು ಇಪ್ಪತ್ತೆರಡು ವರ್ಷ ಮಾಡಿದ್ದು ಅದಲ್ಲ. ಪ್ರತಿ ಶಿಬಿರದ ಮೊದಲ ಬೆಳಿಗ್ಗೆ ಮಕ್ಕಳು ಡೇರೆ ಕಟ್ಟಿದ ಕೂಡಲೇ ಅವರನ್ನು ಸೌದೆ ಆರಿಸಲು ಕಳಿಸಿಬಿಡುತ್ತಿದ್ದರು. ಆ ಒಂದು ಗಂಟೆಯಲ್ಲಿ ಮರದ ಸುತ್ತಿಗೆ ಹಿಡಿದು ಡೇರೆಯಿಂದ ಡೇರೆಗೆ ಓಡಿ, ಪ್ರತಿ ಗೂಟವನ್ನು ಇನ್ನಷ್ಟು ಹೊಡೆದು, ಪ್ರತಿ ಹಗ್ಗವನ್ನು ಬಿಚ್ಚಿ ತಾವೇ ಕಟ್ಟುತ್ತಿದ್ದರು. ಮಕ್ಕಳು ಸೌದೆ ಹೊತ್ತು ಬರುವಷ್ಟರಲ್ಲಿ ಏನೂ ಆಗದವರಂತೆ ಚಹಾ ಕುಡಿಯುತ್ತ ಕೂತಿರುತ್ತಿದ್ದರು. ಎಷ್ಟು ಗಾಳಿ ಬೀಸಿದರೂ ಡೇರೆ ನಿಂತೇ ಇರುತ್ತಿತ್ತು. "ಶಹಬ್ಬಾಸ್, ಎಂಥಾ ಗಂಟು ಹಾಕಿದೀರ," ಎಂದು ಮಕ್ಕಳ ಬೆನ್ನು ತಟ್ಟುತ್ತಿದ್ದರು. ಇದು ಲೋಕದಲ್ಲಿ ಯಾರಿಗೂ ತಿಳಿಯದ ತನ್ನ ಪುಣ್ಯದ ಕೆಲಸ ಎಂದು ಅವರು ನಂಬಿದ್ದರು. ಆ ಗುಟ್ಟನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಅವಳು ಮೂವತ್ತನಾಲ್ಕನೆಯದನ್ನು ನಂಬಿ ಕೈ ಕಟ್ಟಿ ಕೂರಲಿ. ಎರಡನೇ ದಿನ ಅಧ್ಯಕ್ಷರು ಬರುತ್ತಾರೆ. ಶಿಬಿರದ ಬಯಲಿನಲ್ಲಿ ಮಧ್ಯಾಹ್ನ ಮೂರಕ್ಕೆ ತಪ್ಪದೆ ಗಾಳಿಯೂ ಬರುತ್ತದೆ.

ಅಕ್ಕ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮರುದಿನವೇ ಬಂದು, "ಮಾಸ್ತರೇ, ಮೂವತ್ಮೂರನೇ ಗಂಟು ನನಗೇ ಬರ್ತಿಲ್ಲ. ಒಂದ್ಸಲ ಹಾಕಿ ತೋರಿಸ್ತೀರಾ?" ಎಂದಳು.

"ಚಿತ್ರ ಇದೆಯಲ್ಲಮ್ಮ, ನೋಡ್ಕೊಂಡು ಹಾಕಿ," ಎಂದರು ಮಾಸ್ತರು, ಗುಂಡಿ ಹೊಲಿಯುವುದರಿಂದ ತಲೆ ಎತ್ತದೆ.

ಅವಳು ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಹೋಗಿ ಆ ಚಿತ್ರದ ಪ್ರತಿ ತೆಗೆಸಿ ಔಷಧಿ ಅಂಗಡಿಯ ಕೌಂಟರಿಗೆ ಅಂಟಿಸಿದಳು. ಸಂಜೆ ಹೊತ್ತು ದಳದ ಮಕ್ಕಳು ಮೂರು ನಾಲ್ಕು ಮಂದಿ ಅಲ್ಲಿ ಸೇರುವರು. ಬ್ಯಾಂಡೇಜಿನ ಉದ್ದನೆಯ ಪಟ್ಟಿ ಹಿಡಿದು, ಬೆಂಚಿನ ಕಾಲಿಗೆ ಅವರೂ ಕಟ್ಟುವರು, ಅವಳೂ ಕಟ್ಟುವಳು. ತಪ್ಪಿದರೆ ಎಲ್ಲರೂ ಸೇರಿ ನಗುವರು. ಎದುರಿನ ಅಂಗಡಿಯಲ್ಲಿ ಯಂತ್ರ ತುಳಿಯುತ್ತ ಮಾಸ್ತರು ಆ ನಗುವನ್ನು ಕೇಳುತ್ತಿದ್ದರು. ಗಂಟು ಅವರದು, ಚಿತ್ರ ಅವರದು, ನಗು ಮಾತ್ರ ರಸ್ತೆಯ ಆಚೆ ಬದಿಯದು. ಒಂದು ಸಂಜೆ ಸಿಟ್ಟಿಗೆ ಕಾಲರನ್ನು ತಿರುವುಮುರುವಾಗಿ ಹೊಲಿದುಬಿಟ್ಟರು.

ಶಿಬಿರ ಊರಿಂದ ಒಂದು ಗಂಟೆಯ ದಾರಿ, ನದಿಯ ದಂಡೆಯ ಮೇಲಿನ ಬಯಲು. ಇಪ್ಪತ್ತು ಮಕ್ಕಳು, ಐದು ಡೇರೆ, ಒಂದೊಂದಕ್ಕೂ ಒಬ್ಬ ನಾಯಕ. ಅಕ್ಕ ಬಸ್ಸಿನಿಂದ ಇಳಿಯುವಾಗಲೇ ತಲೆ ಎಣಿಸಿದಳು. ಒಣಗಿದ ಕೊಂಬೆಯಿದ್ದ ಮರವನ್ನು ಹಿಂದಿನ ವಾರವೇ ಬಂದು ನೋಡಿ, ಅದರ ಸುತ್ತ ಬಣ್ಣದ ಪಟ್ಟಿ ಕಟ್ಟಿಸಿದ್ದಳು. ಎಲ್ಲವೂ ಪುಸ್ತಕದಲ್ಲಿದ್ದಂತೆಯೇ. ಮಾಸ್ತರಿಗೆ ತಪ್ಪು ಹುಡುಕಲು ಜಾಗವೇ ಸಿಗಲಿಲ್ಲ. ತಾವೇ ಬರೆದುಕೊಟ್ಟ ಬುದ್ಧಿಯನ್ನು ಇನ್ನೊಬ್ಬರು ಇಷ್ಟು ಚೆನ್ನಾಗಿ ನಡೆಸುವುದನ್ನು ನೋಡುವ ಸಂಕಟ, ಅನುಭವಿಸಿದವರಿಗೇ ಗೊತ್ತು.

ಮಕ್ಕಳು ಡೇರೆ ಎಬ್ಬಿಸಿದರು. ಅಕ್ಕ ಅವರನ್ನು ಸೌದೆಗೆ ಕಳಿಸಿದಳು, ತಾನೂ ಜೊತೆಗೆ ಹೋದಳು. ಅಡುಗೆ ಸಾಮಾನಿಗೆ ಕಾವಲಾಗಿ ಮಾಸ್ತರೊಬ್ಬರೇ ಉಳಿದರು. ಮಡಚುವ ಸ್ಟೂಲಿನ ಮೇಲೆ ಕೂತು ಐದೂ ಡೇರೆಗಳನ್ನು ನೋಡಿದರು. ಕೂತಲ್ಲಿಂದಲೇ ತಿಳಿಯುತ್ತಿತ್ತು: ಮೂರನೇ ಡೇರೆಯ ಹಗ್ಗ ಸಡಿಲ, ಐದನೆಯದರ ಗೂಟ ನೆಟ್ಟಗೆ ನಿಂತಿದೆ, ಓರೆಯಾಗಿಲ್ಲ. ಅಂಗೈ ತುರಿಸಿತು. ಸುತ್ತಿಗೆ ಕಾಲ ಬಳಿಯೇ ಇತ್ತು. ಎರಡು ಸಲ ಎದ್ದರು, ಎರಡು ಸಲ ಕೂತರು. ಇಪ್ಪತ್ತೆರಡು ವರ್ಷ ಅವರನ್ನು ಎಬ್ಬಿಸಿ ಓಡಿಸಿದ್ದು ಪ್ರೀತಿ. ಈ ದಿನ ಸ್ಟೂಲಿಗೆ ಅಂಟಿಸಿ ಕೂರಿಸಿದ್ದು ಅಪ್ಪಟ ಹೊಟ್ಟೆಕಿಚ್ಚು. ಬೀಳಲಿ ಎಂದುಕೊಂಡರು. ಒಂದಾದರೂ ಬೀಳಲಿ, ಅಧ್ಯಕ್ಷರ ಕಣ್ಣೆದುರೇ ಬೀಳಲಿ.

ಸೌದೆ ಹೊತ್ತು ಬಂದ ಅಕ್ಕ ಅವರ ಪಕ್ಕ ಕೂತು ನೀರು ಕುಡಿದಳು. "ನೀವು ಬರೆದಿರೋದು ನಿಜ ಮಾಸ್ತರೇ. ಮೂರನೇ ಡೇರೆ ನೋಡಿದ್ರೆ ಓಡಿಹೋಗಿ ಕಟ್ಟೋಣ ಅನ್ಸುತ್ತೆ. ಕೈ ಕಟ್ಟಿ ಕೂರೋದೇ ಎಲ್ಲಕ್ಕಿಂತ ಕಷ್ಟ. ನೀವು ಇಷ್ಟು ವರ್ಷ ಹೇಗೆ ಕೂತ್ರಿ?"

"ಅಭ್ಯಾಸ," ಎಂದರು ಮಾಸ್ತರು.

ಆ ದಿನ ಮೂರಕ್ಕೆ ಬಂದ ಗಾಳಿ ಸಣ್ಣದು, ಹಗ್ಗ ಇನ್ನಷ್ಟು ಸಡಿಲವಾಯಿತೇ ಹೊರತು ಡೇರೆ ಬೀಳಲಿಲ್ಲ. ದಿನವೆಲ್ಲ ಅವರ ಕಣ್ಣು ಕಂಡದ್ದು ಒಂದೇ. ಮುಳ್ಳು ಚುಚ್ಚಿದ ಹುಡುಗ ಅವರನ್ನು ದಾಟಿಕೊಂಡು ಅಕ್ಕನ ಹತ್ತಿರ ಹೋದ. ಸೀದುಹೋದ ಅನ್ನವನ್ನು ಅಕ್ಕ ಎಲ್ಲರಿಗಿಂತ ಕೊನೆಗೆ ಬಡಿಸಿಕೊಂಡು ಒಂದು ಮಾತಾಡದೆ ಉಂಡಳು, ಮಕ್ಕಳು ಅವಳ ಸುತ್ತ ಕೂತು ಅವಳ ಮುಖ ನೋಡುತ್ತಿದ್ದರು. ಮನೆ ನೆನೆದು ಅತ್ತ ಚಿಕ್ಕವನೊಬ್ಬ ಆಲೂಗಡ್ಡೆ ಸುಲಿದು ಸುಮ್ಮನಾದ. ಮಾಸ್ತರು ತಟ್ಟೆ ತೊಳೆದುಕೊಂಡು ಬೇಗನೆ ಹೋಗಿ ಮಲಗಿದರು.

ಎರಡನೇ ದಿನ ಅಧ್ಯಕ್ಷರನ್ನು ಕರೆತಂದದ್ದು ಮಾಸ್ತರ ಮಗನ ವ್ಯಾನು. ಹಿಟ್ಟು, ತರಕಾರಿ, ಎರಡು ಡ್ರಮ್ಮು ಕುಡಿಯುವ ನೀರು, ಮುಂದಿನ ಸೀಟಿನಲ್ಲಿ ಅಧ್ಯಕ್ಷರು. ಗಂಟೆ ಎರಡೂಮುಕ್ಕಾಲು. ಮಗ ಸಾಮಾನು ಇಳಿಸುತ್ತಿದ್ದ. ಅಧ್ಯಕ್ಷರು ಕೈ ಹಿಂದೆ ಕಟ್ಟಿಕೊಂಡು ಮೊದಲ ಡೇರೆ ನೋಡಿದರು, ಎರಡನೆಯದು ನೋಡಿದರು, "ಹೂಂ" ಎಂದರು. ಮೂರನೆಯದರ ಒಳಗೆ ಬಗ್ಗಿ ಹಾಸಿಗೆ ಹೇಗೆ ಮಡಚಿದ್ದಾರೆಂದು ನೋಡುತ್ತಿರುವಾಗ ನದಿಯ ಕಡೆಯಿಂದ ಗಾಳಿ ಬಂತು. ಹಗ್ಗ ಜಾರಿದ್ದು ಮಾಸ್ತರಿಗೆ ಕಂಡಿತು. ಡೇರೆ ಒಂದು ಸಲ ಉಬ್ಬಿ, ಒಂದು ಕಡೆಗೆ ವಾಲಿ, ಅಧ್ಯಕ್ಷರ ಮೇಲೆ ನಿಧಾನವಾಗಿ ಮಲಗಿತು. ಹೊರಗೆ ಕಾಣುತ್ತಿದ್ದದ್ದು ಅವರ ಪಾಲಿಶ್ ಮಾಡಿದ ಬೂಟುಗಳು ಮಾತ್ರ. ಅದರ ಬೆನ್ನಿಗೇ ಐದನೆಯದೂ ಬಿತ್ತು.

ಮಾಸ್ತರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದನ್ನು ಮುಚ್ಚಿಟ್ಟುಕೊಳ್ಳಲು ಕೆಮ್ಮಬೇಕಾಯಿತು.

ಅಧ್ಯಕ್ಷರನ್ನು ಮಕ್ಕಳು ಎಳೆದು ಹೊರಗೆ ತಂದರು. ಪೆಟ್ಟೇನೂ ಆಗಿರಲಿಲ್ಲ, ಇಸ್ತ್ರಿಯೂ ಮರ್ಯಾದೆಯೂ ಕೆಟ್ಟಿದ್ದವು. "ಇದೇನಮ್ಮ ಇದು? ಹಗ್ಗ ಸರಿ ಇದೆಯಾ ಅಂತ ನೀವು ನೋಡ್ಲಿಲ್ವಾ?" ಎಂದು ಅಕ್ಕನ ಮೇಲೆ ಎಗರಿದರು.

"ನೋಡಿದ್ದೆ ಸಾರ್. ಸಡಿಲ ಇತ್ತು. ಮಕ್ಕಳೇ ಕಂಡುಕೊಳ್ಳಲಿ ಅಂತ ಬಿಟ್ಟೆ. ನೀವು ಒಳಗಿದ್ದಾಗ ಬೀಳುತ್ತೆ ಅಂದ್ಕೊಂಡಿರ್ಲಿಲ್ಲ. ತಪ್ಪಾಯ್ತು." ಅವಳ ಕಿವಿ ಕೆಂಪಾಗಿತ್ತು. ಆದರೂ ಅವಳು ಹಗ್ಗದ ಕಡೆ ಹೋಗಲಿಲ್ಲ. ಮಕ್ಕಳ ಕಡೆ ತಿರುಗಿ, "ಎರಡು ಬಿದ್ದಿವೆ, ಮೂರು ನಿಂತಿವೆ. ಯಾಕೆ ಅಂತ ನೋಡಿ," ಎಂದಳಷ್ಟೆ.

ದಪ್ಪ ಕನ್ನಡಕದ ಹುಡುಗಿಯೊಬ್ಬಳಿದ್ದಳು, ಎರಡನೇ ಡೇರೆಯ ನಾಯಕಿ. ನಿಂತಿದ್ದ ತನ್ನ ಡೇರೆಯ ಗಂಟಿನ ಹತ್ತಿರ ಕೂತು, ಬಿದ್ದ ಡೇರೆಯವರನ್ನು ಕರೆದಳು. "ಒಳಗಡೆ ಎರಡು ಸುತ್ತು ಕಣೋ. ನೀನು ಒಂದೇ ಹಾಕಿದೀಯ. ಬ್ಯಾಂಡೇಜಲ್ಲಿ ಮಾಡುವಾಗ್ಲೂ ನೀನು ಒಂದೇ ಹಾಕ್ತಿದ್ದೆ," ಎನ್ನುತ್ತಿದ್ದಳು. ಹತ್ತು ಹನ್ನೆರಡು ತಲೆಗಳು ಆ ಗೂಟದ ಮೇಲೆ ಬಗ್ಗಿದ್ದವು.

ಅಧ್ಯಕ್ಷರು ಮಾಸ್ತರನ್ನು ಪಕ್ಕಕ್ಕೆ ಕರೆದರು. ಪಕ್ಕಕ್ಕೆ ಎಂದರೆ ವ್ಯಾನಿನ ಹತ್ತಿರ, ನೀರಿನ ಡ್ರಮ್ಮು ಉರುಳಿಸುತ್ತಿದ್ದ ಮಗನಿಂದ ಮಾರು ದೂರ. ಅಕ್ಕನೂ ಹಿಂದೆಯೇ ಬಂದಿದ್ದಳು. "ನಿಮ್ಮ ಕಾಲದಲ್ಲಿ ಎಷ್ಟು ಸಲ ಹೀಗಾಗಿದೆ?" ಎಂದು ಅಧ್ಯಕ್ಷರು ಕೇಳಿದರು.

ಈ ಪ್ರಶ್ನೆಗೆ ಮಾಸ್ತರು ತಿಂಗಳಿಂದ ಕಾದಿದ್ದರು. "ಇಪ್ಪತ್ತೆರಡು ಶಿಬಿರದಲ್ಲಿ ಒಂದೂ ಬಿದ್ದಿಲ್ಲ ಸಾರ್."

ಮಗ ಡ್ರಮ್ಮು ನಿಲ್ಲಿಸಿ ನಕ್ಕ. ಅವನಿಗೆ ಈ ದಳದ ಪಂಚಾಯಿತಿ ಏನೂ ತಿಳಿದಿರಲಿಲ್ಲ, ಅಪ್ಪನ ಹಳೆಯ ಹೆಗ್ಗಳಿಕೆ ಕಿವಿಗೆ ಬಿದ್ದು ಖುಷಿಯಾಗಿತ್ತು ಅಷ್ಟೆ. "ಎಲ್ಲಿಂದ ಬೀಳುತ್ತೆ ಸಾರ್? ನಾವು ಸೌದೆಗೆ ಹೋಗೋದೇ ತಡ, ಅಪ್ಪ ಎಲ್ಲಾ ಬಿಚ್ಚಿ ಮತ್ತೆ ಕಟ್ಟೋರು. ನಾವು ಮರದ ಹಿಂದೆ ನಿಂತು ನೋಡ್ತಿದ್ವಿ. ಎಲ್ಲಾ ಹುಡುಗ್ರಿಗೂ ಗೊತ್ತಿತ್ತು."

"ಏನು ಗೊತ್ತಿತ್ತು?" ಎಂದರು ಮಾಸ್ತರು.

"ನೀನೇ ಕಟ್ತೀಯ ಅಂತಪ್ಪ. ಅದಕ್ಕೇ ನಾವು ಗಂಟು ಹಾಕ್ತಾನೇ ಇರ್ಲಿಲ್ಲ. ಸುಮ್ನೆ ಗೂಟಕ್ಕೆ ಒಂದು ಸುತ್ತು ಸುತ್ತಿ ಬಿಡ್ತಿದ್ವಿ. ದೊಡ್ಡ ಹುಡುಗ್ರು ಚಿಕ್ಕವ್ರಿಗೆ ಅದನ್ನೇ ಹೇಳ್ಕೊಡ್ತಿದ್ರು, ಕಷ್ಟಪಡ್ಬೇಡ ಕಣೋ, ಮಾಸ್ತರು ಇದಾರೆ ಅಂತ." ಮಗ ಮತ್ತೆ ನಕ್ಕು, ಡ್ರಮ್ಮು ಉರುಳಿಸಿಕೊಂಡು ಅಡುಗೆಯ ಕಡೆ ಹೋದ.

ಮಾಸ್ತರ ಮುಖ ಹುಳ್ಳಗಾಯಿತು. ಅಕ್ಕ ನೆಲ ನೋಡಿದಳು. ಅಧ್ಯಕ್ಷರು ಮಾತ್ರ ಗಲಿಬಿಲಿಗೊಳ್ಳಲಿಲ್ಲ. "ಕದ್ದೋ ಮುಚ್ಚೋ, ಡೇರೆ ನಿಂತಿತ್ತಲ್ಲ. ನನಗೆ ಬೇಕಾದ್ದು ಅದೇ. ನೀವು ಹೂಂ ಅನ್ನಿ, ದಳ ನಿಮ್ಮ ಹತ್ರಾನೇ ಇರಲಿ," ಎಂದರು.

ಬಯಸಿದ್ದು ಬಾಯಿಗೇ ಬಂದಿತ್ತು. ಮಾಸ್ತರು ಹೂಂ ಅನ್ನಲಿಲ್ಲ. "ಒಂದು ನಿಮಿಷ ಸಾರ್," ಎಂದು ಡೇರೆಗಳ ಕಡೆ ನಡೆದರು. ಅಷ್ಟರಲ್ಲಿ ಬಿದ್ದ ಎರಡೂ ಎದ್ದು ನಿಂತಿದ್ದವು. ಮಕ್ಕಳು ಬಟ್ಟಲು ಹಿಡಿದು ಚಹಾದ ಸಾಲಿಗೆ ಓಡಿದ್ದರು. ಮಾಸ್ತರು ಮೊದಲ ಗೂಟದ ಹತ್ತಿರ ಮಂಡಿಯೂರಿ ಗಂಟನ್ನು ಎಳೆದರು. ಕಚ್ಚಿಕೊಂಡಿತು. ಮುಂದಿನದನ್ನು ಎಳೆದರು. ಅದೂ ಕಚ್ಚಿಕೊಂಡಿತು. ಒಂದಾದರೂ ಜಾರಲಿ ಎಂದು ಹಲ್ಲು ಕಚ್ಚಿ ಎಳೆಯುತ್ತ ಐದೂ ಡೇರೆ ಸುತ್ತಿದರು. ಕೆಲವು ಗಂಟು ಸೊಟ್ಟ, ಕೆಲವು ದಪ್ಪ, ಒಂದಕ್ಕೆ ಬೇಡದ ನಾಲ್ಕು ಸುತ್ತು. ಜಾರಿದ್ದು ಒಂದೂ ಇಲ್ಲ. ಅವರು ಎಷ್ಟೋ ಬಗೆಯ ಹೊಟ್ಟೆಕಿಚ್ಚು ಪಟ್ಟಿದ್ದರು, ಆದರೆ ಐದನೇ ಡೇರೆಯ ಕೊನೆಯ ಗೂಟದ ಮುಂದೆ ಬಂದದ್ದರ ಉರಿಯೇ ಬೇರೆ. ಹತ್ತು ವರ್ಷದ ಯಾವುದೋ ಒಂದು ಮಗುವಿನ ಸೊಟ್ಟ ಗಂಟು ಅದು. ಇಂಥದ್ದು ಒಂದು, ಒಂದೇ ಒಂದು, ತನ್ನ ಇಪ್ಪತ್ತೆರಡು ವರ್ಷದಲ್ಲಿ ಇರಲಿಲ್ಲ. ಆ ಇಪ್ಪತ್ತೆರಡು ಫೋಟೋಗಳಲ್ಲಿ ಹಿಂದೆ ನಿಂತಿದ್ದ ಡೇರೆಗಳೆಲ್ಲ ತಾನೇ, ನಡುವೆ ನಿಂತವನೂ ತಾನೇ. ಮುಂದೆ ನಿಂತ ಮಕ್ಕಳಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ವಾಪಸು ಬಂದು ಅಧ್ಯಕ್ಷರ ಎದುರು ನಿಂತರು. "ದಳ ಈಯಮ್ಮನಿಗೇ ಕೊಡಿ ಸಾರ್."

"ಯಾಕ್ರೀ? ಎರಡು ಡೇರೆ ಬಿದ್ದಿದೆ."

"ಬಿದ್ದದ್ದನ್ನ ಮಕ್ಕಳೇ ಎತ್ತಿದ್ರು. ನನ್ನ ಹುಡುಗರಿಗೆ ಎತ್ತೋಕೆ ಬರಲ್ಲ. ಆ ಡ್ರಮ್ಮು ಉರುಳಿಸ್ತಿದಾನಲ್ಲ, ಅವನಿಗೂ ಬರಲ್ಲ."

ಅಧ್ಯಕ್ಷರು ತಲೆಯ ಮೇಲಿನ ಗೋಡೆ ಹುಡುಕಿದರು, ಬಯಲಿನಲ್ಲಿ ಗೋಡೆ ಇರಲಿಲ್ಲ. "ನಿಮ್ಮಿಷ್ಟ," ಎಂದು ಚಹಾ ಕುಡಿಯಲು ಹೋದರು.

ಅಕ್ಕ ಉಳಿದಳು. ಏನೋ ಒಳ್ಳೆಯ ಮಾತು ಹುಡುಕುತ್ತಿದ್ದಾಳೆಂದು ಮಾಸ್ತರಿಗೆ ಗೊತ್ತಾಯಿತು, ಅದನ್ನು ಕೇಳುವ ಶಕ್ತಿ ಅವರಿಗಿರಲಿಲ್ಲ. "ನಿನ್ನೆ ನಾನು ಕೈ ಕಟ್ಟಿ ಕೂತದ್ದು ಅಭ್ಯಾಸದಿಂದ ಅಲ್ಲಮ್ಮ. ಹೊಟ್ಟೆಕಿಚ್ಚಿಂದ. ಡೇರೆ ಬೀಳಲಿ, ನಿಮಗೆ ಮುಖಭಂಗ ಆಗಲಿ ಅಂತಲೇ ಕೂತಿದ್ದೆ."

"ಗಂಟು ತೋರಿಸಲ್ಲ ಅಂದ ದಿನಾನೇ ಗೊತ್ತಾಗಿತ್ತು ಮಾಸ್ತರೇ. ನೋವಾಗಿತ್ತು. ಅಂಗಿ ಹೊಲಿದು ಕೊಟ್ಟಾಗ, ಎಲ್ಲಾದ್ರೂ ಸೂಜಿ ಬಿಟ್ಟಿದೀರಾ ಅಂತ ಎರಡು ಸಲ ಒದರಿ ನೋಡಿ ಹಾಕ್ಕೊಂಡೆ," ಎಂದಳು. ಮಾಸ್ತರಿಗೆ ನಗು ಬಂತು, ನಗುವಿನ ಹಿಂದೆ ಇನ್ನೇನೋ ಬಂತು, ಮುಖ ತಿರುಗಿಸಿಕೊಂಡರು. ಮುಂದಿನ ವರ್ಷವೂ ಬರಬೇಕು ಎಂದು ಅವಳು ಕೇಳಿದಳು. ನೋಡೋಣ ಎಂದರು.

ಮೂರನೇ ದಿನ ಮಧ್ಯಾಹ್ನ ಡೇರೆಗಳನ್ನೆಲ್ಲ ಮಡಚಿ, ಮತ್ತೆ ಬಂದ ಮಗನ ವ್ಯಾನಿನ ಹಿಂಬದಿಗೆ ಪೇರಿಸಿದರು. ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯಬೇಕಿತ್ತು. ಮಕ್ಕಳನ್ನು ತುಂಬಿಕೊಂಡು ಅಕ್ಕನ ಬಸ್ಸು ಆಗಲೇ ಹೋಗಿತ್ತು. ಬಯಲಿನಲ್ಲಿ ಉಳಿದವರು ಅಪ್ಪ ಮಗ ಇಬ್ಬರೇ. ಮಗ ಹಗ್ಗವನ್ನು ಕೊಂಡಿಗೆ ನಾಲ್ಕು ಸಲ ಸುತ್ತಿ, ಮೇಲೊಂದು ಸಡಿಲ ಕುಣಿಕೆ ಹಾಕಿ, ಅಭ್ಯಾಸದಂತೆ ತುದಿಯನ್ನು ಅಪ್ಪನ ಕಡೆ ಚಾಚಿದ. "ಬಾಪ್ಪ, ಒಂದು ಗಂಟು ಹಾಕ್ಬಿಡು."

ಅವನಿಗೆ ಮೂವತ್ತೊಂದು ವರ್ಷ. ಹತ್ತು ವರ್ಷದಿಂದ ಸಾಮಾನು ಸಾಗಿಸುವುದೇ ಅವನ ಹೊಟ್ಟೆಪಾಡು. ಅಷ್ಟು ವರ್ಷವೂ ಬೆಳಿಗ್ಗೆ ವ್ಯಾನನ್ನು ಅಂಗಡಿಯ ಮುಂದೆ ತಂದು ನಿಲ್ಲಿಸುತ್ತಿದ್ದ, ಅಪ್ಪ ಸೂಜಿ ಕೆಳಗಿಟ್ಟು ಬಂದು ಹಗ್ಗ ಬಿಗಿದು ಹೋಗುತ್ತಿದ್ದರು. ಮಗನಿಗೆ ತನ್ನ ಮೇಲೆ ಎಷ್ಟು ಪ್ರೀತಿ, ದಿನಾ ಮುಖ ತೋರಿಸಿ ಹೋಗುತ್ತಾನೆ ಎಂದು ಬೀದಿಯಲ್ಲಿ ಹೇಳಿಕೊಳ್ಳುತ್ತಿದ್ದರು.

ಮಾಸ್ತರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಬಿಚ್ಚು ಅದನ್ನ. ತುದಿ ಕೊಂಡಿ ಸುತ್ತಿ ತಾ. ಒಳಗಡೆ ಒಂದು ಸುತ್ತು."

"ನೀನೇ ಹಾಕಪ್ಪ, ಹೊತ್ತಾಗುತ್ತೆ."

"ಆಗ್ಲಿ. ಇನ್ನೊಂದು ಸುತ್ತು. ಅಲ್ಲ, ಒಳಗಡೆ. ತಪ್ಪು. ಬಿಚ್ಚು."

ಮಗ ಅಪ್ಪನ ಮುಖ ನೋಡಿದ, ಇದು ತಮಾಷೆಯಲ್ಲ ಎಂದು ಗೊತ್ತಾಯಿತು. ಬಿಚ್ಚಿದ. ಎರಡನೇ ಸಲ ಹೊರಗಿನ ಸುತ್ತು ಉಲ್ಟಾ ಬಂತು. ಮೂರನೇ ಸಲ ತುದಿ ಕೈಯಿಂದ ಜಾರಿತು. ಬೆನ್ನ ಹಿಂದೆ ಮಾಸ್ತರ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಎರಡು ಕ್ಷಣದ ಕೆಲಸ. ಮುಂದೆ ಬಾಗಿದರೆ ಸಾಕಿತ್ತು. ಬಾಗಲಿಲ್ಲ. ಆರನೇ ಸಲಕ್ಕೆ ಹಗ್ಗ ಬಿಗಿಯಾಗಿ ಕೂತಿತು. ಮಗ ಜೋತುಬಿದ್ದು ಎಳೆದು ನೋಡಿದ, ಅಲುಗಲಿಲ್ಲ.

"ಇಷ್ಟೇನಾ?" ಎಂದ ಅವನು. ಬೆವರು ಒರೆಸಿಕೊಂಡು ಮತ್ತೊಮ್ಮೆ ಎಳೆದ, ಮುಖವೆಲ್ಲ ಅರಳಿತ್ತು. "ಇನ್ಮೇಲೆ ಬೆಳಿಗ್ಗೆ ಅಂಗಡಿ ಹತ್ರ ಬರೋ ಹಾಗೇ ಇಲ್ಲ ಬಿಡು."

"ಹೌದು. ಬರೋ ಹಾಗಿಲ್ಲ," ಎಂದು ಮಾಸ್ತರು ಹೋಗಿ ಮುಂದಿನ ಸೀಟಿನಲ್ಲಿ ಕೂತರು.